ಟೀಚರ ದನಿಯನ್ನು ಅಳಿಸಿದ್ದು

ಒಬ್ಬರ ದನಿಯನ್ನು ಗುರುತು ಸಿಗದ ಹಾಗೆ ಮಾಡುವುದು ಬಹಳ ಸುಲಭ ಎಂದು ಜನ ತಿಳಿದಿದ್ದಾರೆ. ಟೀವಿಯಲ್ಲಿ ನೋಡಿದ್ದಾರಲ್ಲ, ಮುಖಕ್ಕೆ ಮಬ್ಬು, ದನಿ ಮಾತ್ರ ಕೊಳವೆಯೊಳಗಿಂದ ಬಂದಂತೆ ದಪ್ಪ. ಅಷ್ಟಕ್ಕೆ ನಾನು ಬೇಕಾಗಿಲ್ಲ, ಒಂದು ಫೋನಿದ್ದರೆ ಸಾಕು. ಆದರೆ ಶ್ರುತಿ ಎಷ್ಟು ಇಳಿಸಿದ್ದಾರೆಂದು ಅಂದಾಜು ಮಾಡಿ ಅಷ್ಟೇ ಏರಿಸಿದರೆ ಹಳೆಯ ಮನುಷ್ಯ ಎದ್ದು ಬಂದು ಎದುರು ಕೂತುಬಿಡುತ್ತಾನೆ. ಇದು ಪೊಲೀಸರಿಗೂ ಗೊತ್ತು. ಆದ್ದರಿಂದ ನಾನು ಮಾಡುತ್ತಿದ್ದುದು ಬೇರೆ ಕೆಲಸ. ಮಾತನ್ನು ಹಾಗೇ ಇಟ್ಟುಕೊಂಡು, ಮಾತಾಡಿದವರ ಗಂಟಲನ್ನು ಪೂರ್ತಿ ತೆಗೆದು, ಭೂಮಿಯ ಮೇಲೆ ಇಲ್ಲದ ಒಬ್ಬರ ಗಂಟಲನ್ನು ಆ ಜಾಗಕ್ಕೆ ಕೂರಿಸುವುದು.

ಈ ಕೆಲಸಕ್ಕೆ ನನ್ನನ್ನು ಕರೆದವಳು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೆಳೆದ ಒಬ್ಬ ವಕೀಲೆ. ಅಮೆರಿಕದ ಮಿಲ್ಪಿಟಾಸಿನಲ್ಲಿ ಒಂದು ಟ್ಯಾಕ್ಸ್ ಆಫೀಸಿಗೂ ಬೋಬಾ ಚಹಾದ ಅಂಗಡಿಗೂ ನಡುವೆ ಸಿಕ್ಕಿಕೊಂಡ ಎರಡು ಕೋಣೆಗಳಲ್ಲಿ ಅವಳು ಒಂದು ಸಣ್ಣ ಸಂಗ್ರಹಾಲಯ ನಡೆಸುತ್ತಾಳೆ. ಹಾಂಗ್‌ಕಾಂಗ್ ಬಿಟ್ಟು ಬಂದವರು ತಮ್ಮ ಕಥೆ ಹೇಳುತ್ತಾರೆ, ಅವಳು ಅದನ್ನು ಧ್ವನಿಮುದ್ರಿಸಿ ಎಲ್ಲರಿಗೂ ಕೇಳಲು ಇಡುತ್ತಾಳೆ. ಹಾಂಗ್‌ಕಾಂಗ್ ಚೀನಾದ್ದೇ ಭಾಗವಾದರೂ ಅದಕ್ಕೆ ಅದರದೇ ಕೋರ್ಟು, ಅದರದೇ ಪತ್ರಿಕೆ, ಅದರದೇ ಶಾಲೆ ಇರಲಿ, ಐವತ್ತು ವರ್ಷ ಯಾರೂ ಕೈ ಹಾಕುವುದು ಬೇಡ ಎಂದು ಮಾತಾಗಿತ್ತು. ಅರ್ಧ ಅವಧಿ ಮುಗಿಯುವ ಮೊದಲೇ ಕೈ ಹಾಕಿದರು. ಅಲ್ಲಿ ಮನೆಮಂದಿಯನ್ನು ಬಿಟ್ಟು ಬಂದವರು ಇಲ್ಲಿ ಬಾಯಿ ತೆರೆದರೆ ಅಲ್ಲಿ ಪೊಲೀಸರು ಮನೆಯ ಬಾಗಿಲು ತಟ್ಟುತ್ತಾರೆ.

"ನನಗೆ ಬೇಕಾಗಿರೋದು ಆ ಲ್ಯಾಂಗ್ವೇಜ್ ಬರದೇ ಇರೋ ಸೌಂಡ್ ಎಂಜಿನಿಯರು," ಎಂದಿದ್ದಳು ವಕೀಲೆ ಮೊದಲ ದಿನವೇ. "ಕ್ಯಾಂಟನೀಸ್ ಒಂದು ವರ್ಡ್ ಬಂದ್ರೂ ನೀವು ಬೇಡ."

"ಇದೆಂಥ ಕೆಲಸ ಮಾರಾಯ್ತಿ? ಕಿವುಡರನ್ನು ಸಂಗೀತಕ್ಕೆ ಜಡ್ಜು ಮಾಡಿದ ಹಾಗಾಯ್ತು!"

ಅವಳು ನಗಲಿಲ್ಲ. ಇಲ್ಲಿಗೆ ಬಂದಿರುವ ಆ ಊರಿನವರು ಒಬ್ಬರನ್ನೊಬ್ಬರು ನಂಬುವುದಿಲ್ಲ ಎಂದಳು. ಅಂಗಡಿಯಲ್ಲಿ ತಮ್ಮ ಭಾಷೆ ಕೇಳಿದರೆ ನಾವು ಹಲ್ಲು ಕಿರಿದು "ನೀವು ಯಾವ ಊರು?" ಎಂದು ಹೋಗುತ್ತೇವೆ. ಅವರು ಪಕ್ಕದ ಸಾಲಿಗೆ ಸರಿದು ನಿಲ್ಲುತ್ತಾರೆ. ಯಾರು ಯಾರಿಗೆ ಹೇಳುತ್ತಾರೋ ಗೊತ್ತಿಲ್ಲ. ಅದಕ್ಕೇ ಅವಳು ಕೆಲಸವನ್ನು ತುಂಡು ಮಾಡಿದ್ದಳು. ಬೇರೆ ರಾಜ್ಯದಲ್ಲಿರುವ ಒಬ್ಬರೇ ಒಬ್ಬರು ಮುದ್ರಣ ಕೇಳಿ ಅದನ್ನು ಬರಹಕ್ಕೆ ಇಳಿಸುತ್ತಾರೆ. ಭಾಷೆ ಬಲ್ಲ ಇನ್ನಿಬ್ಬರು ಆ ಬರಹವನ್ನು ಮಾತ್ರ ಓದಿ ಊರು, ಬೀದಿ, ಹೆಸರು, ಗುರುತು ಹಿಡಿಯಬಹುದಾದ ಘಟನೆ ಎಲ್ಲಕ್ಕೂ ಗೆರೆ ಎಳೆಯುತ್ತಾರೆ. ಅವರಿಗೆ ದನಿ ಕೇಳಿಸುವಂತಿಲ್ಲ. ನನಗೆ ದನಿ ಕೇಳಿಸುತ್ತದೆ, ಅರ್ಥವಾಗುವಂತಿಲ್ಲ. ಗೆರೆ ಎಳೆದ ಕಡೆ ನಾನು ಕತ್ತರಿಸುತ್ತೇನೆ, ದನಿ ಬದಲಿಸುತ್ತೇನೆ, ಕೊನೆಗೆ ಸಹಿ ಹಾಕಿ ಮೂಲ ಮುದ್ರಣವನ್ನು ಮತ್ತೆ ಹುಟ್ಟದಂತೆ ಅಳಿಸುತ್ತೇನೆ. ಎಲ್ಲೂ ಸಂದಿಲ್ಲ ಎಂದು ನಾವಿಬ್ಬರೂ ನಂಬಿದ್ದೆವು.

ನನ್ನ ಸ್ಟುಡಿಯೋ ಎಂದರೆ ಅಲ್ಲೇ ಹತ್ತಿರದ ಎವರ್‌ಗ್ರೀನಿನ ನಮ್ಮ ಮನೆಯ ಬಟ್ಟೆ ಇಡುವ ಕ್ಲಾಸೆಟ್ಟು. ಗಂಡನ ಸೂಟುಗಳ ಎದುರು ಮೇಜು, ಗೋಡೆಗೆ ಅತ್ತೆ ಹೊಲಿದ ಹಳೇ ಸೀರೆಯ ಕೌದಿಗಳು. ಗಂಡ ಆ ವರ್ಷ ಆಫೀಸಿನ ಕೆಲಸದ ಮೇಲೆ ಟೆಕ್ಸಾಸಿನಲ್ಲಿದ್ದರು. ಮಗಳು ಕಾಲೇಜಿಗೆ ಹೋಗಿ, ಫೋನ್ ಮಾಡಿದರೆ "ಅಮ್ಮಾ, ಕ್ಯಾನ್ ಐ ಕಾಲ್ ಯೂ ಬ್ಯಾಕ್?" ಎನ್ನುವ ಹಂತದಲ್ಲಿದ್ದಳು. ಮನೆಯಲ್ಲಿ ನಾನು ಮತ್ತು ಉಡುಪಿಯಿಂದ ಬಂದ ಅತ್ತೆ, ಇಬ್ಬರೇ. ಏನು ಕೆಲಸ ಮಾಡುತ್ತಿದ್ದೇನೆಂದು ಅತ್ತೆಗೂ ಹೇಳುವಂತಿರಲಿಲ್ಲ. ಪಾಟ್‌ಲಕ್ ಊಟಗಳಲ್ಲಿ ಯಾರಾದರೂ ಕೇಳಿದರೆ "ಆಡಿಯೋ" ಎನ್ನುತ್ತಿದ್ದೆ. "ಓ, ಪಾಡ್‌ಕಾಸ್ಟಾ?" ಎಂದು ಅವರು ಬಿಸಿಬೇಳೆಬಾತಿನ ಕಡೆ ತಿರುಗುತ್ತಿದ್ದರು. ಹೊಟ್ಟೆಯೊಳಗೆ ಇಷ್ಟೊಂದು ಇಟ್ಟುಕೊಂಡು ಮೊಸರನ್ನದ ರುಚಿ ಹೊಗಳುತ್ತ ನಿಲ್ಲುವುದು ಎಷ್ಟು ಒಂಟಿಯಾದ ಕೆಲಸ ಎಂದು ಮೊದಲು ನನಗೆ ಗೊತ್ತಿರಲಿಲ್ಲ.

ಟೀಚರ ಮುದ್ರಣ ನನಗೆ ಸಿಕ್ಕಿದ್ದು ಬೆಟ್ಟಗಳೆಲ್ಲ ಹುಲ್ಲೊಣಗಿ ಕಂದಾಗಿದ್ದ ಬೇಸಿಗೆಯಲ್ಲಿ. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಸಾರಾಂಶ, ಎಲ್ಲಿ ನಿಲ್ಲಿಸಬೇಕು ಎಲ್ಲಿ ಉಸಿರು ಬಿಡಬೇಕು ಎಂದು ನನಗೆ ತಿಳಿಯಲಿ ಎಂದು. ಅವರು ಹಾಂಗ್‌ಕಾಂಗಿನ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದರು. ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳು ಹೇಗೆ ಬರೆದಿವೆ ನೋಡಿ, ಯಾವುದು ನಿಜ, ವಾದ ಮಾಡಿ ಎನ್ನುವಂಥ ಪಾಠ. ಮೊದಲು ಎರಡರಲ್ಲಿ ಒಂದು ಪತ್ರಿಕೆ ಮುಚ್ಚಿತು. ಆಮೇಲೆ ಲೈಬ್ರರಿಯ ಕೆಲವು ಪುಸ್ತಕಗಳು ರಿಪೇರಿಗೆಂದು ಹೋಗಿ ಬರಲಿಲ್ಲ. ಆಮೇಲೆ ಆ ವಿಷಯವನ್ನೇ ಶಾಲೆಯಿಂದ ತೆಗೆದರು. ಹೆಸರು ಹೇಳದೆ ಯಾರ ಮೇಲೆ ಬೇಕಾದರೂ ದೂರು ಕೊಡಲು ಒಂದು ಫೋನ್ ನಂಬರು ಬಂತು. ಯಾರೋ ಟೀಚರ ಮೇಲೆ ಕೊಟ್ಟರು. ಅವರ ಪರವಾನಗಿ ಹೋಯಿತು. ಚುನಾವಣೆಗೆ ನಿಲ್ಲುವವರನ್ನು ಮೊದಲೇ ಸೋಸಿ, ಬೇಕಾದವರನ್ನಷ್ಟೇ ನಿಲ್ಲಿಸಿದ ವರ್ಷ ಅವರ ತಾಯಿ ಮತದಾನದ ದಿನ ಬಾಗಿಲು ಹಾಕಿ ಮಲಗಿದರಂತೆ.

ಟೀಚರು ಇಲ್ಲಿಗೆ ಬಂದರು. ಯಾವ ಊರಿನಲ್ಲಿದ್ದಾರೆಂದು ನನಗೆ ಆಗ ಗೊತ್ತಿರಲಿಲ್ಲ, ಗೊತ್ತಾದ ಮೇಲೂ ಬರೆಯುವುದಿಲ್ಲ. ಒಮ್ಮೆ ಒಂದು ಸಭೆಯಲ್ಲಿ ಸುಮ್ಮನೆ ಮೇಣದಬತ್ತಿ ಹಿಡಿದು ನಿಂತಿದ್ದರು. ಅದರ ಫೋಟೋ ಎಲ್ಲೋ ಹೋಗಿ, ಅಲ್ಲಿ ತಾಯಿಯನ್ನು ಠಾಣೆಗೆ ಕರೆಸಿ, ಮಗಳು ಯಾವಾಗ ಫೋನ್ ಮಾಡುತ್ತಾಳೆ, ಏನು ಹೇಳುತ್ತಾಳೆ ಎಂದು ಸಂಜೆಯವರೆಗೆ ಕೇಳಿದರು. ಅವತ್ತಿನಿಂದ ಟೀಚರು ಫೋನ್ ಮಾಡುವುದನ್ನು ನಿಲ್ಲಿಸಿದ್ದರು.

ಕೆಲಸ ಶುರು ಮಾಡಿದೆ. ಮೊದಲು ಹಿನ್ನೆಲೆ. ಅವರ ಕೋಣೆಯ ಹತ್ತಿರ ರೈಲು ತಿರುವಿನಲ್ಲಿ ಕಿರುಗುಟ್ಟುತ್ತಿತ್ತು. ಅದನ್ನು ಬಲ್ಲವರಿಗೆ ಯಾವ ಸ್ಟೇಷನ್ನು ಎಂದು ಹೇಳಲು ಕಷ್ಟವಿಲ್ಲ. ತೆಗೆದೆ. ಫ್ರಿಜ್ಜಿನ ಗುಂಯ್‌ಗುಡುವಿಕೆ, ಮೇಲಿನ ಮಹಡಿಯ ನಾಯಿಯ ಉಗುರು, ಇವನ್ನೂ ತೆಗೆದೆ. ಕರೆಂಟಿನ ಸಣ್ಣ ಝೇಂಕಾರ ಎಲ್ಲ ಮುದ್ರಣಗಳಲ್ಲೂ ಇರುತ್ತದೆ, ಅದು ಯಾವ ದೇಶದ ಕರೆಂಟು, ಯಾವ ಹೊತ್ತಿನದು ಎಂದೂ ಕಂಡುಹಿಡಿಯಬಹುದು. ಅದನ್ನೂ ಹೆಕ್ಕಿದೆ. ಆಮೇಲೆ ಗೆರೆ ಎಳೆದ ಕಡೆ ಕತ್ತರಿ. ಆಮೇಲೆ ದನಿ. ಟೀಚರ ದನಿ ಸ್ವಲ್ಪ ಒಡಕು, ಮೂಗಿನ ಮೇಲೆ ಕನ್ನಡಕ ಜಾರಿದವರ ಗತ್ತು ಅದರಲ್ಲಿತ್ತು. ನನ್ನ ಹೊಸ ದನಿ ನಯವಾದದ್ದು, ಯಾರದ್ದೂ ಅಲ್ಲದ್ದು. ಮಾತಿನ ನಡುವಿನ ಬಿಡುವುಗಳನ್ನು ಅಲ್ಲಲ್ಲಿ ಹಿಗ್ಗಿಸಿ, ಕುಗ್ಗಿಸಿ, ಅವರ ನಡಿಗೆಯ ಲಯವೂ ಸಿಗದ ಹಾಗೆ ಮಾಡಿದೆ. ಎಲ್ಲ ಮುಗಿಯಿತು, ಸಹಿ ಹಾಕುವುದಷ್ಟೇ ಬಾಕಿ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ಅತ್ತೆ ನನ್ನ ಮೇಲೆ ಸಿಡಿದರು. ನಮ್ಮ ಮನೆಮಾತು ಕೊಂಕಣಿ, ಕೊಂಕಣಿಯಲ್ಲಿ ಅತ್ತೆಗೆ ಮಾಯಿ ಎನ್ನುತ್ತೇವೆ. ಇಲ್ಲಿ ಅವರ ಮಾತನ್ನು ನಮ್ಮೂರ ಕನ್ನಡದಲ್ಲೇ ಬರೆಯುತ್ತೇನೆ. ನಾನು ದಾಳಿತೊವೆಗೆ ಒಗ್ಗರಣೆ ಹಾಕುತ್ತಿದ್ದೆ.

"ಎಂತದು ನಿನ್ನದು? ನಾಲ್ಕೈದು ದಿನದಿಂದ ನೋಡ್ತಾ ಇದ್ದೇನೆ. ಹಾಯ್ ಮಾಯಿ, ಹಾಯ್ ಮಾಯಿ ಅಂತ ಕರೆಯುದು, ನಾನು ಮೊಣಕಾಲು ಹಿಡಿದುಕೊಂಡು ಎದ್ದು ಬಂದ್ರೆ ಮೋರೆಯೂ ನೋಡುದಿಲ್ಲ!"

"ನಾನೆಲ್ಲಿ ಕರೆದೆ ಮಾಯಿ?"

"ಈಗ ಕರೆದಿ! ‘ಉಪ್ಪು ಸಾಕು, ಹಾಯ್ ಮಾಯಿ’ ಅಂತ. ಹಾಯ್ ಅಂತೆ ಹಾಯ್! ಅತ್ತೆಗೆ ಹೇಳುವ ಮಾತಾ ಅದು? ಅಮೆರಿಕದವಳಾದಿ ಅಂತ ಗೊತ್ತುಂಟು. ಮತ್ತೆ ಆ ಸಿನ್ನು ಎಂತದು? ಅದು ಬೈಗುಳವಾ?"

ನನಗೆ ಮೊದಲು ನಗು ಬಂತು. ಆಮೇಲೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟೆ. ಹಾಯ್ ಮಾಯ್ ಸಿನ್. ಅದು ಟೀಚರದ್ದು. ಮುದ್ರಣದಲ್ಲಿ ಎರಡು ಮಾತಿಗೊಮ್ಮೆ, ಕೊನೆಗೆ ಸ್ವಲ್ಪ ಎತ್ತಿ, ಹಾಯ್ ಮಾಯ್ ಸಿನ್? ಅರ್ಥ ಗೊತ್ತಿಲ್ಲದ ನನ್ನ ಬಾಯಿಗೇ ಅದು ಬೇಳೆಯಲ್ಲಿ ಕಲ್ಲು ಬಂದ ಹಾಗೆ ಬರುತ್ತಿದೆ. ಹಾಗಾದರೆ ಅವರ ಎದುರು ವರ್ಷಗಟ್ಟಲೆ ಬೆಂಚಿನ ಮೇಲೆ ಕೂತ ಮಕ್ಕಳ ಗತಿ? ನಮ್ಮ ಶಾಲೆಯಲ್ಲಿ "ತಿಳೀತೋ ಇಲ್ವೋ" ಮೇಷ್ಟ್ರು ಎಂದೇ ಒಬ್ಬರಿದ್ದರು. ಅವರ ನಿಜವಾದ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ. ಯಾರ ದನಿಯಲ್ಲಿ ಬೇಕಾದರೂ ಆ "ತಿಳೀತೋ ಇಲ್ವೋ" ಹೇಳಿಸಿ, ಗುರುತು ಹಿಡಿಯದಿದ್ದರೆ ಕೇಳಿ.

ಕ್ಲಾಸೆಟ್ಟಿಗೆ ಓಡಿದೆ. ನನ್ನ ನಯವಾದ, ಯಾರದ್ದೂ ಅಲ್ಲದ ದನಿ ಹಾಯಾಗಿ ಹೇಳುತ್ತಿತ್ತು: ಹಾಯ್ ಮಾಯ್ ಸಿನ್? ಬರಹದಲ್ಲಿ ಅದರ ಸುಳಿವೇ ಇರಲಿಲ್ಲ. ಬರೆದುಕೊಂಡವರಿಗೆ "ಅಂದರೆ, ಅಲ್ವಾ, ಹೂಂ ಇತ್ಯಾದಿ ಬಿಟ್ಟುಬಿಡಿ" ಎಂದು ನಾವೇ ಹೇಳಿದ್ದೆವು. ಓದಿದವರು ಕೇಳಿಲ್ಲ, ಕೇಳಿದ ನನಗೆ ತಿಳಿದಿಲ್ಲ. ಯಾರೂ ತಪ್ಪು ಮಾಡಿರಲಿಲ್ಲ, ನಾವು ಕೆಲಸವನ್ನು ಹಂಚಿದ ರೀತಿಯೇ ಅದನ್ನು ಬಚ್ಚಿಟ್ಟಿತ್ತು. ವಕೀಲೆಗೆ ಫೋನ್ ಮಾಡಿ, ಬಿಡುಗಡೆ ನಿಲ್ಲಿಸು ಎಂದೆ.

ಟೀಚರನ್ನೇ ಕೇಳಬೇಕು, ಬೇರೆ ಯಾರನ್ನೂ ಕೇಳುವಂತಿಲ್ಲ. ಹಾಗೆ ನಾನು ಅವರನ್ನು ಮೊದಲ ಸಲ ನೋಡಿದ್ದು. ಮಿಲ್ಪಿಟಾಸಿನ ಆ ಕೋಣೆಗೆ ಬಂದರು, ಸಣ್ಣ ದೇಹ, ನೀಟಾಗಿ ಕತ್ತರಿಸಿದ ಬಿಳಿಗೂದಲು, ಬೆನ್ನಿಗೆ ಮಕ್ಕಳ ಚೀಲದಂಥ ಚೀಲ. ಇಲ್ಲಿ ಒಂದು ಡೇಕೇರಿನಲ್ಲಿ ಕೆಲಸ ಮಾಡುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ವಿಷಯ ಹೇಳಿ, ಆ ಮಾತನ್ನು ನನ್ನ ಉಡುಪಿ ನಾಲಗೆಯಲ್ಲಿ ಹೇಳಿ ತೋರಿಸಿದೆ.

ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗು ಹಾಗೇ ನಿಂತುಹೋಯಿತು.

"ಮಕ್ಕಳು ನನ್ನನ್ನು ಮಿಸ್ ಹಾಯ್ ಮಾಯ್ ಸಿನ್ ಅಂತ ಕರೆಯುತ್ತಿದ್ದರು," ಎಂದರು. "ಹಾಯ್ ಎಂದರೆ ಹೌದು. ಮಾಯ್ ಎಂದರೆ ಅಲ್ಲವೋ. ಸಿನ್ ಎಂದರೆ ಮೊದಲು. ಹೌದೋ ಅಲ್ಲವೋ, ಮೊದಲು ಅದನ್ನು ಹೇಳಿ! ನಮ್ಮಲ್ಲಿ ಎಲ್ಲರೂ ಹೇಳುವ ಮಾತೇ. ಆದರೆ ನಾನು ಹೇಳಿದಷ್ಟು ಯಾರೂ ಹೇಳುವುದಿಲ್ಲ. ಬೀಳ್ಕೊಡುಗೆಯ ಕೇಕಿನ ಮೇಲೂ ಅದನ್ನೇ ಬರೆಸಿದ್ದರು."

ಆ ಮಕ್ಕಳಲ್ಲೊಬ್ಬರೋ ಅವರ ತಂದೆತಾಯಿಯೋ ದೂರು ಕೊಟ್ಟದ್ದಿರಬೇಕು. ಕೇಳಿದ ಕ್ಷಣವೇ ಇವರೆಂದು ಗೊತ್ತಾಗುತ್ತದೆ. ಗೊತ್ತಾದರೆ ತಾಯಿಗೆ ಮತ್ತೆ ಠಾಣೆ. ಇಷ್ಟನ್ನು ವಕೀಲೆ ನಿಧಾನವಾಗಿ ಹೇಳಿದಳು. ಎಲ್ಲ ಕಡೆಯೂ ತೆಗೆದುಬಿಡುತ್ತೇವೆ, ಸ್ವಲ್ಪ ದಿನ ಹೆಚ್ಚು ಹಿಡಿಯುತ್ತದೆ ಅಷ್ಟೇ ಎಂದೆ ನಾನು.

ಟೀಚರು ಮೇಜಿನ ಮೇಲೆ ಬೆರಳಿನಿಂದ ಏನೋ ಬರೆಯುತ್ತ ಕೂತರು. ಆಮೇಲೆ ಹೇಳಿದರು: "ಒಂದನ್ನು ಹಾಗೇ ಬಿಡಿ."

"ಏನು?"

"ಒಂದೇ ಒಂದು. ಕೊನೆಯದು. ಆ ಮಾತು ನನ್ನದಲ್ಲ, ಅಮ್ಮನದು. ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದಳು. ಬೆಳಗ್ಗೆ ಸಗಟು ವ್ಯಾಪಾರಿಗಳ ಎದುರು ಸೊಂಟಕ್ಕೆ ಕೈ ಇಟ್ಟು, ಇದು ಇವತ್ತಿನ ಮೀನು, ಹಾಯ್ ಮಾಯ್ ಸಿನ್? ಅನ್ನುತ್ತಿದ್ದಳು. ಅವಳು ಇಂಥ ಮುದ್ರಣಗಳನ್ನೆಲ್ಲ ಹುಡುಕಿ ಕೇಳುತ್ತಾಳೆ, ಕದ್ದು ಕೇಳುತ್ತಾಳೆ, ನನಗೆ ಗೊತ್ತು. ನೀವು ನನ್ನ ದನಿ ತೆಗೆದಿದ್ದೀರಿ, ಹೆಸರು ತೆಗೆದಿದ್ದೀರಿ, ಬೀದಿ ತೆಗೆದಿದ್ದೀರಿ. ಅದೊಂದು ಇದ್ದರೆ ನಾನು ಬದುಕಿದ್ದೇನೆ, ಗಟ್ಟಿಯಾಗಿದ್ದೇನೆ ಎಂದು ಅವಳಿಗೆ ತಿಳಿಯುತ್ತದೆ. ನಾನು ಈ ಮುದ್ರಣಕ್ಕೆ ಕೂತದ್ದೇ ಅದಕ್ಕೆ. ಲೋಕಕ್ಕೆ ಹೇಳಲಿಕ್ಕಲ್ಲ."

ನಾನೂ ವಕೀಲೆಯೂ ಕನ್ನಡಕ್ಕೆ ತಿರುಗಿದೆವು. ಎದುರಿಗಿರುವವರಿಗೆ ತಿಳಿಯದ ಭಾಷೆಯಲ್ಲಿ ಅವರ ಬಗ್ಗೆಯೇ ಮಾತಾಡುವುದು ಅಸಹ್ಯ, ಗೊತ್ತು. ಆದರೂ ಮಾಡಿದೆವು.

"ಅವರ ಟೆಸ್ಟಿಮೊನಿ ರೀ ಅದು," ಎಂದಳು ವಕೀಲೆ. "ರಿಸ್ಕ್ ತಗೊಳ್ತೀನಿ ಅಂತ ಅವರೇ ಹೇಳ್ತಿದಾರೆ. ಕನ್ಸೆಂಟ್ ಅಂದ್ರೆ ಅದೇ ತಾನೆ? ಬೇಡ ಅನ್ನೋಕೆ ನಾವ್ಯಾರು?"

"ರಿಸ್ಕು ಇವರದ್ದಾ ಮಾರಾಯ್ತಿ? ಇವರು ಇಲ್ಲಿ ಕೂತಿದ್ದಾರೆ. ಬಾಗಿಲು ತಟ್ಟುವುದು ಆ ಅಮ್ಮನದ್ದು. ಅವರನ್ನು ಯಾರು ಕೇಳಿದ್ದಾರೆ?"

"ಕೇಳೋಕಾಗಲ್ಲ ಅನ್ನೋದೇ ಪ್ರಾಬ್ಲಮ್ಮು."

"ಕೇಳ್ಲಿಕ್ಕಾಗದಿದ್ರೆ ಬೇಡ ಅಂತಲೇ ಲೆಕ್ಕ ಮಾರಾಯ್ತಿ!"

"ಆ ತಾಯಿಗೆ ಮಗಳು ಇದಾಳೋ ಇಲ್ವೋ ಅಂತ್ಲೂ ಗೊತ್ತಿಲ್ಲ. ಅದೂ ಒಂದು ಹಾರ್ಮೇ. ನಿಮಗೆ ಅದು ಕಾಣ್ಸಲ್ವಾ?"

ಕಾಣಿಸುತ್ತಿತ್ತು. ಅದಕ್ಕೇ ನನಗೆ ಸಿಟ್ಟು ಬಂದದ್ದು. ಅಷ್ಟರಲ್ಲಿ ಟೀಚರು ಮೆಲ್ಲಗೆ ಕೇಳಿದರು, "ಇವರ ಹೆಸರು ಮಾರಾಯ್ತಿ ಅಂತಲೇ?"

ನಾವಿಬ್ಬರೂ ಇಂಗ್ಲಿಷಿಗೆ ವಾಪಸಾದೆವು. ಅಲ್ಲ, ಅದು ನಮ್ಮ ಕರಾವಳಿಯವರು ಸುಮ್ಮನೆ ಸೇರಿಸುವ ಮಾತು ಎಂದೆ. "ಹಾಗಾದರೆ ನಿಮ್ಮನ್ನೂ ಹಿಡಿಯಬಹುದು," ಎಂದರು ಟೀಚರು. ಮೂವರೂ ನಕ್ಕೆವು. ಅವರ ಕಣ್ಣು ಮಾತ್ರ ನನ್ನ ಮೇಲೇ ಇತ್ತು, ಏನು ಹೇಳುತ್ತೀ ಎಂದು.

ಬಿಡುಗಡೆಗೆ ಕೊನೆಯ ಸಹಿ ನನ್ನದು. ಗುರುತು ಸಿಗುವುದಿಲ್ಲ ಎಂದು ನಾನು ಹೇಳದೆ ಯಾವುದೂ ಹೊರಗೆ ಹೋಗುವಂತಿಲ್ಲ, ಆ ನಿಯಮ ವಕೀಲೆ ಮಾಡಿದ್ದೇ. ಆ ಒಂದು ಮಾತು ಉಳಿದರೂ ನಾನು ಸಹಿ ಹಾಕುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ತಾಯಿ ಕೇಳಿ ಗುರುತು ಹಿಡಿದರೆ ಕ್ಲಾಸಿನ ಮಕ್ಕಳೂ ಹಿಡಿಯುತ್ತಾರೆ. ತಾಯಿಗೆ ಮಾತ್ರ ಕೇಳಿಸುವಂಥ ದನಿ ಮಾಡಲು ನನಗೆ ಬರುವುದಿಲ್ಲ ಎಂದೆ.

"ನಿಮ್ಮ ಅತ್ತೆ ಕರೆದರೆ ಓ ಅನ್ನಲಿಕ್ಕೆ ಪಕ್ಕದ ಕೋಣೆಯಲ್ಲೇ ಇದ್ದಾರೆ," ಎಂದರು ಅವರು. ಗುರುತು ಹೇಗೆ ಸಿಕ್ಕಿತೆಂದು ನಾನೇ ಅವರಿಗೆ ಹೇಳಿದ್ದೆ. "ನಿಮಗೆ ಸುಲಭ."

ಅವರು ಚೀಲ ಬೆನ್ನಿಗೇರಿಸಿ ಬಾಗಿಲವರೆಗೆ ಹೋಗಿ ಅಲ್ಲೇ ನಿಂತು, "ತೆಗೆದುಬಿಡಿ," ಎಂದರು. ವಾಪಸು ಹೋಗುವಾಗ ಹೈವೇ ಪೂರ್ತಿ ಟ್ರಾಫಿಕ್ಕು, ನಾನು ಎಫ್‌ಎಂ ಕೂಡ ಹಾಕದೆ ಕೂತಿದ್ದೆ.

ಒಂದು ಮಾತನ್ನು ತೆಗೆಯುವುದೆಂದರೆ ಕತ್ತರಿಸಿ ಎಸೆಯುವುದಲ್ಲ. ಅವರ ವಾಕ್ಯಗಳೆಲ್ಲ ಆ ಪ್ರಶ್ನೆಯ ಕಡೆಗೆ ಏರುತ್ತ ಹೋಗುತ್ತಿದ್ದವು. ಪ್ರಶ್ನೆಯನ್ನು ತೆಗೆದರೆ ವಾಕ್ಯ ಮೆಟ್ಟಿಲಿನ ತುದಿಯಲ್ಲಿ ಕಾಲೆತ್ತಿ ನಿಂತಂತೆ ನಿಲ್ಲುತ್ತಿತ್ತು. ಪ್ರತಿಯೊಂದರ ಹಿಂದಿನ ಪದದ ಏರಿಕೆಯನ್ನು ಇಳಿಸಿ, ಮುಗಿದಂತೆ ಮಾಡಿ, ಖಾಲಿ ಜಾಗಕ್ಕೆ ಕೋಣೆಯ ಮೌನವನ್ನು ತುಂಬಬೇಕು. ಮೌನವೂ ಒಂದೇ ತರಹ ಇರಬಾರದು, ಇದ್ದರೆ ಯಂತ್ರ ಹಿಡಿಯುತ್ತದೆ. ಕೆಲವು ಕಡೆ ಅವರೇ ಕೇಳಿ ಅವರೇ ಉತ್ತರ ಹೇಳಿದ್ದರು. ಅಲ್ಲಿ ಉತ್ತರವನ್ನೂ ತೆಗೆಯಬೇಕಾಯಿತು. ಪ್ರಶ್ನೆ ಕೇಳುತ್ತಿದ್ದ ಹೆಂಗಸು ಮೆಲ್ಲಮೆಲ್ಲಗೆ ವರದಿ ಒಪ್ಪಿಸುವವಳಾಗುತ್ತಿದ್ದಳು. ಅಲ್ಲಿ ಅವರಿಗೆ ಏನಾಯಿತೋ ಅದನ್ನೇ ಇಲ್ಲಿ ನಾನು ಸೂಕ್ಷ್ಮವಾಗಿ, ಒಳ್ಳೆಯ ಉದ್ದೇಶದಿಂದ ಮಾಡುತ್ತಿದ್ದೇನೆ ಅನ್ನಿಸಿ ಹೆಡ್‌ಫೋನ್ ತೆಗೆದಿಟ್ಟು ಎದ್ದುಹೋದದ್ದೂ ಉಂಟು.

ಅತ್ತೆಗೆ ಹಾಯ್ ಮಾಯಿ ನಿಂತದ್ದು ತಿಳಿಯಿತು. "ಈಗ ಕರೆಯುದೇ ಇಲ್ಲ," ಎಂದರು. ಗುಟ್ಟಿನ ಕೆಲಸ, ಮಾತಾಡುವ ಹಾಗಿಲ್ಲ ಮಾಯಿ ಎಂದೆ. ಅವರು ತಲೆಯಾಡಿಸಿದರು. "ಎಮರ್ಜೆನ್ಸಿಯಲ್ಲಿ ನಿನ್ನ ಮಾವ ಹೋಟ್ಲಲ್ಲಿ ಬೋರ್ಡು ಹಾಕಿದ್ರು, ಇಲ್ಲಿ ರಾಜಕೀಯ ಮಾತಾಡಬಾರದು ಅಂತ. ಎಮರ್ಜೆನ್ಸಿ ಹೋಯ್ತು, ಬೋರ್ಡು ತೆಗೀಲಿಕ್ಕೆ ಅವರಿಗೆ ಧೈರ್ಯ ಬರ್ಲಿಲ್ಲ." ಅಷ್ಟು ಹೇಳಿ ಬಸಳೆ ಬಿಡಿಸತೊಡಗಿದರು. ನನಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಆದರೆ ನಮ್ಮಲ್ಲಿ ಹಾಗೆಲ್ಲ ಅಭ್ಯಾಸವಿಲ್ಲ.

ಮುಗಿದ ಮೇಲೆ ಟೀಚರು ಬಂದು ಪೂರ್ತಿ ಕೇಳಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಹೆಡ್‌ಫೋನ್ ತೆಗೆದು ವೈರನ್ನು ಅಚ್ಚುಕಟ್ಟಾಗಿ ಸುತ್ತಿಟ್ಟರು. "ಬಹಳ ಚೆನ್ನಾಗಿದೆ. ಯಾರೋ ಪಾಪ, ಕಷ್ಟಪಟ್ಟಿದ್ದಾಳೆ," ಎಂದರು. ನಾನು ಸಹಿ ಹಾಕಿದೆ. ಮೂಲವನ್ನು ಅಳಿಸಿದೆ, ಅದರ ಮೇಲೆ ಸೊನ್ನೆಗಳನ್ನು ಬರೆದು ಮತ್ತೊಮ್ಮೆ ಅಳಿಸಿದೆ. ಆ ಒಡಕು ದನಿ ಇನ್ನು ಎಲ್ಲೂ ಇರಲಿಲ್ಲ. ಕ್ಲಾಸೆಟ್ಟಿನಿಂದ, ಜೊತೆಗಿದ್ದವರು ಯಾರೋ ಎದ್ದು ಹೋದಂತಿತ್ತು.

ಮುದ್ರಣ ಹೊರಗೆ ಹೋಯಿತು. ಜನ ಕೇಳಿದರು. ಯಾರ ಬಾಗಿಲೂ ತಟ್ಟಿದ ಸುದ್ದಿ ಬರಲಿಲ್ಲ. ನನ್ನ ಕೆಲಸದಲ್ಲಿ ಏನೂ ಆಗದಿರುವುದೇ ಗೆಲುವು, ಅದನ್ನು ಯಾರೂ ಅಭಿನಂದಿಸುವುದಿಲ್ಲ.

ಬೆಟ್ಟ ಮತ್ತೆ ಹಸಿರಾಗಿತ್ತು. ಅತ್ತೆಯ ಮೊಣಕಾಲಿಗೆಂದು ಸರಟೋಗಾದ ಡಾಕ್ಟರಲ್ಲಿಗೆ ಹೋಗಿದ್ದಾಗ ವಕೀಲೆಯ ಫೋನು ಬಂತು. "ಟೀಚರ ಮದರ್ ತೀರ್ಕೊಂಡ್ರು," ಎಂದಳು. "ಹೋಗಿ ವಾರಗಳೇ ಆಗಿದೆ. ಇವರಿಗೆ ಈಗ ಗೊತ್ತಾಗಿದೆ. ನಿಮ್ಮನ್ನ ನೋಡ್ಬೇಕಂತೆ."

ಹೋದೆ. ಟೀಚರು ಅದೇ ಕುರ್ಚಿಯಲ್ಲಿ ಕೂತಿದ್ದರು. ನಾನು ಅವರ ಕೈ ಹಿಡಿದುಕೊಂಡೆ. ಅತ್ತಿದ್ದ ಕುರುಹಿರಲಿಲ್ಲ. ನೆರೆಮನೆಯವರು ಬಾಗಿಲು ತೆರೆಸಿ ನೋಡಿದರಂತೆ. ಮಣ್ಣಿಗೆ ಹೋಗಲು ಇವರಿಗೆ ಆಗುವಂತಿರಲಿಲ್ಲ. ತಾಯಿ ಆ ಮುದ್ರಣ ಕೇಳಿದ್ದರೋ ಇಲ್ಲವೋ, ಕೇಳಿದ್ದರೂ ಯಾರೋ ಪಾಪ ಅಂದುಕೊಂಡರೋ, ತಿಳಿಯುವ ದಾರಿಯಿಲ್ಲ.

"ಅಲ್ಲಿ ಇನ್ನು ನನ್ನವರು ಅಂತ ಯಾರೂ ಇಲ್ಲ," ಎಂದರು. "ಅಣ್ಣತಮ್ಮ ಇಲ್ಲ, ಮಕ್ಕಳಿಲ್ಲ. ಯಾರನ್ನು ಠಾಣೆಗೆ ಕರೆಯುತ್ತಾರೆ? ಈಗ ನನ್ನ ಹೆಸರು ಹಾಕಬಹುದು. ನನ್ನ ದನಿಯನ್ನು ವಾಪಸು ಹಾಕಿ."

ಅಳಿಸಿಬಿಟ್ಟಿದ್ದೇನೆ ಎಂದು ಹೇಳುವುದು ನನ್ನ ಪಾಲಿಗೆ ಬಂತು. ಎಲ್ಲೂ ಪ್ರತಿ ಇಲ್ಲವೇ ಎಂದರು. ಇಲ್ಲ, ಬರೆದುಕೊಂಡವರ ಪ್ರತಿ ಆಗಲೇ ಹೋಗಿತ್ತು, ನನ್ನದನ್ನು ನಾನೇ ಎರಡು ಸಲ ಅಳಿಸಿದೆ ಎಂದೆ. ಅವತ್ತು ಒಂದನ್ನು ಬಿಟ್ಟಿದ್ದರೆ ಆ ಮುದುಕಿಗೆ ಅದೊಂದಾದರೂ ಸಿಗುತ್ತಿತ್ತು. ಬಿಟ್ಟಿದ್ದರೆ ಕೊನೆಯ ದಿನಗಳನ್ನು ಅವರು ಠಾಣೆಯ ಬೆಂಚಿನ ಮೇಲೂ ಕಳೆಯಬೇಕಾಗಿತ್ತೇನೋ. ಇವತ್ತು ಕೇಳಿದರೂ ನಾನು ಸಹಿ ಹಾಕುವುದಿಲ್ಲ ಎಂದೇ ಹೇಳುತ್ತೇನೆ. ಅದರಿಂದ ನನಗೆ ಯಾವ ಸಮಾಧಾನವೂ ಇಲ್ಲ.

"ಹಾಗಾದರೆ ಮತ್ತೆ ಹೇಳುತ್ತೇನೆ," ಎಂದರು ಟೀಚರು.

ಮೈಕು ಇಟ್ಟೆ. ವಕೀಲೆ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಟೀಚರು ತಮ್ಮ ಪೂರ್ತಿ ಹೆಸರು ಹೇಳಿದರು, ಶಾಲೆಯ ಹೆಸರು, ಬೀದಿ, ಮಹಡಿ, ಮಾರ್ಕೆಟ್ಟಿನಲ್ಲಿ ತಾಯಿ ಕೂರುತ್ತಿದ್ದ ಜಾಗ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಅದನ್ನು ಅವರ ಬಾಯಲ್ಲೇ ಕೇಳಬೇಕು. ದನಿ ಅದೇ, ಒಡಕಿನದು. ಭಾಷೆ ತಿಳಿಯದಿದ್ದರೂ ಮೊದಲ ಸಲದ ಕಥೆ ನನಗೆ ಬಾಯಿಪಾಠವಾಗಿತ್ತು, 'ಪತ್ರಿಕೆ' ಬಂತು, 'ಲೈಬ್ರರಿ' ಬಂತು ಎಂದು ಹಿಂದೆಯೇ ಹೋಗುತ್ತಿದ್ದೆ. ಒಂದು ಬದಲಾಗಿತ್ತು. ವಾಕ್ಯ ಏರುತ್ತ ಹೋಗುತ್ತಿತ್ತು, ತುದಿಗೆ ಬಂದು ನಿಲ್ಲುತ್ತಿತ್ತು, ಆಮೇಲೆ ಇನ್ನೊಂದು ವಾಕ್ಯ. ಆ ಮಾತು ಬರುತ್ತಿರಲಿಲ್ಲ. ಒಂದು ಸಲವೂ ಬರಲಿಲ್ಲ.

ಕಾದೆ. ತಡೆಯಲಾರದೆ ಮುದ್ರಣ ನಿಲ್ಲಿಸಿ ಕೇಳಿದೆ. ಅವರಿಗೆ ಗೊತ್ತಿತ್ತು.

"ನೀವು ಹೇಳಿದ ದಿನದಿಂದ ಬಾಯಿಗೆ ಬರುತ್ತಿಲ್ಲ," ಎಂದರು. "ಬರುವ ಮೊದಲೇ ನಾನೇ ಹಿಡಿದುಬಿಡುತ್ತೇನೆ. ಡೇಕೇರಿನ ಮಕ್ಕಳ ಹತ್ತಿರವೂ ಬರುವುದಿಲ್ಲ. ಇರಲಿ, ಮುಂದುವರಿಸೋಣ."

ಮುಂದುವರಿಸಿದೆವು. ಕೊನೆಗೆ ಅವರು ತಾಯಿಯ ವಿಷಯಕ್ಕೆ ಬಂದರು, ನನಗೆ ತಿಳಿದದ್ದು ಅಮ್ಮ ಎನ್ನುವ ಅವರ ಪದವೊಂದೇ. ದನಿ ಏರಿತು, ಇನ್ನೂ ಏರಿತು, ತುದಿಯಲ್ಲಿ ನಿಂತಿತು. ಮುದ್ರಣ ನಡೆಯುವಾಗ ಕುರ್ಚಿಯೂ ಕಿರುಗುಟ್ಟದ ಹಾಗೆ ಕೂರುವವಳು ನಾನು. ಅವತ್ತು ಮಾತ್ರ ಉಡುಪಿಯ ನಾಲಗೆಯಲ್ಲಿ, ಮೈಕಿಗೆ ಸ್ಪಷ್ಟವಾಗಿ ಕೇಳುವಷ್ಟು ಜೋರಾಗಿ ಹೇಳಿಬಿಟ್ಟೆ:

"ಹಾಯ್ ಮಾಯ್ ಸಿನ್?"

ಟೀಚರು ತಲೆಯೆತ್ತಿ ನೋಡಿದರು. ಅಷ್ಟು ದಿನ ತಡೆದದ್ದೆಲ್ಲ ಆಗ ಬಂತು, ಸೆರಗಿಲ್ಲದವರು ಅಳುವ ಹಾಗೆ ಎರಡೂ ಅಂಗೈಯಲ್ಲಿ ಮುಖ ಮುಚ್ಚಿ ಅತ್ತರು. ನಾನು ಮುದ್ರಣ ನಿಲ್ಲಿಸಲಿಲ್ಲ. ಕೊನೆಗೆ ಕೈ ತೆಗೆದು, ಮೂಗೊರೆಸಿಕೊಂಡು, ಮೈಕಿನ ಹತ್ತಿರ ಬಾಗಿ ಹೇಳಿದರು:

"ಹಾಯ್."

ಹೌದು ಎಂದು.